ರಾತ್ರಿ ಎರಡು ಗಂಟೆಗೆ ಮೊದಲೇ: ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆ, ಮನೆಯವರಿಗೊಂದು ಮಾರ್ಗದರ್ಶಿ

ವಾಸಿಯಾಗದ ಕಾಯಿಲೆಯವರು ಮಲಗಿರುವ ವಾರ್ಡಿನಲ್ಲಿ ಕಷ್ಟ ಹೆಚ್ಚಾಗಿ ಏಳುವುದು ರಾತ್ರಿ. ಹಗಲಾದರೆ ರೋಗಿಯನ್ನು ಮೊದಲಿನಿಂದ ಬಲ್ಲ ವೈದ್ಯರಿರುತ್ತಾರೆ, ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ರಾತ್ರಿ ಎರಡಕ್ಕೆ ನೋವು ಏರಿದಾಗ ಓಡಿಬರುವ ಡ್ಯೂಟಿ ಡಾಕ್ಟರು ಆ ಮುಖವನ್ನು ಅದೇ ಮೊದಲ ಸಲ ನೋಡುತ್ತಿರುತ್ತಾರೆ. ಕೇಸ್ ಶೀಟಿನಲ್ಲಿ ಏನು ಬರೆದಿದೆಯೋ ಅಷ್ಟರ ಮೇಲೆ ಅವರು ನಿರ್ಧಾರ ಮಾಡಬೇಕು. ಅಲ್ಲಿ ಏನೂ ಬರೆದಿಲ್ಲದಿದ್ದರೆ, ಯಾರೂ ಬಯಸದ ಐಸಿಯು, ಯಾರೂ ಕೇಳದ ಟ್ಯೂಬು ಬಂದುಬಿಡುತ್ತದೆ. ಆದ್ದರಿಂದ ಇಲ್ಲಿರುವ ಹೆಜ್ಜೆಗಳ ಉದ್ದೇಶ ಒಂದೇ: ರಾತ್ರಿ ಬರಬಹುದಾದದ್ದನ್ನು ಹಗಲಿನಲ್ಲೇ ಕೇಳಿ, ಹಗಲಿನಲ್ಲೇ ಬರೆಸಿಡುವುದು.

ಯಾವಾಗ ಕೇಳಬೇಕು

ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸಿ ನೆಮ್ಮದಿ ಕೊಡುವ ಆರೈಕೆ. ಅದನ್ನು ತಡವಾಗಿ ಕೇಳುವವರೇ ಹೆಚ್ಚು. "ಇನ್ನು ಮಾಡುವಂಥದ್ದೇನಿಲ್ಲ" ಎಂದ ಮೇಲೆ ಬರುವ ತಂಡ ಎಂದುಕೊಂಡಿರುತ್ತಾರೆ. ಅದು ತಪ್ಪು. ಉಪಶಾಮಕ ಆರೈಕೆ ಕೀಮೋ, ಡಯಾಲಿಸಿಸ್, ಹೃದಯದ ಔಷಧಿ ಎಲ್ಲದರ ಜೊತೆಜೊತೆಗೇ ನಡೆಯಬಹುದು. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ದೇಹಕ್ಕೆಲ್ಲ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆ ಆರಂಭದಿಂದಲೇ ಉಪಶಾಮಕ ಆರೈಕೆ ಕೊಟ್ಟರು. ಆ ಗುಂಪಿನವರ ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು, ಖಿನ್ನತೆ ಕಡಿಮೆಯಿತ್ತು, ಬದುಕಿದ ಮಧ್ಯಕ ಅವಧಿಯೂ (ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಬದುಕಿದ ಅವಧಿ) 8.9 ತಿಂಗಳಿನ ಬದಲು 11.6 ತಿಂಗಳಾಗಿತ್ತು.

ಕ್ಯಾನ್ಸರ್ ಒಂದಕ್ಕೇ ಅಲ್ಲ. ಸೋತ ಹೃದಯ, ಸೋತ ಕಿಡ್ನಿ, ಹಳೆಯ ಶ್ವಾಸಕೋಶದ ಕಾಯಿಲೆ, ಮುಂದುವರಿದ ಮರೆವಿನ ಕಾಯಿಲೆ ಇದ್ದವರಿಗೂ ಇದು ಬೇಕು. ಒಂದೇ ವರ್ಷದಲ್ಲಿ ಮತ್ತೆ ಮತ್ತೆ ಅಡ್ಮಿಟ್ ಆಗುತ್ತಿದ್ದರೆ, ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಕಳೆಯುತ್ತಿದ್ದರೆ, ತೂಕ ಇಳಿಯುತ್ತಲೇ ಇದ್ದರೆ ಕೇಳುವ ಸಮಯ ಬಂದಿದೆ ಎಂದೇ ಅರ್ಥ. ಕೇಳುವುದು ಹೇಗೆಂದು ತೋಚದಿದ್ದರೆ ವೈದ್ಯರು ತಮ್ಮನ್ನೇ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ, ಅದನ್ನೇ ಅವರ ಮುಂದಿಡಿ: "ಇನ್ನೊಂದು ವರ್ಷದೊಳಗೆ ಇವರು ತೀರಿಕೊಂಡರೆ ನಿಮಗೆ ಆಶ್ಚರ್ಯವಾಗುತ್ತದಾ ಡಾಕ್ಟ್ರೇ?" "ಇಲ್ಲ" ಎಂದರೆ ಮುಂದಿನ ಮಾತು: "ಹಾಗಾದರೆ ಪ್ಯಾಲಿಯೇಟಿವ್ ಕೇರ್ ತಂಡದವರಿಗೆ ಈಗಲೇ ತೋರಿಸಿ."

ನೋವಿನ ಪುಸ್ತಕ

ಒಂದು ಚಿಕ್ಕ ನೋಟ್‌ಬುಕ್ ಹಾಸಿಗೆಯ ಪಕ್ಕದಲ್ಲೇ ಇರಲಿ. ಯಾರು ಜೊತೆಗಿದ್ದರೂ ಅದರಲ್ಲೇ ಬರೆಯಬೇಕು. ಪ್ರತಿ ಸಲ ಬರೆಯಬೇಕಾದದ್ದು ಇಷ್ಟು: ಗಂಟೆ, ನೋವು ಎಲ್ಲಿ, ಯಾವ ಥರದ್ದು, ಸೊನ್ನೆಯಿಂದ ಹತ್ತರವರೆಗೆ ಎಷ್ಟು, ಏನು ಕೊಟ್ಟರು, ಒಂದು ಗಂಟೆಯ ನಂತರ ಎಷ್ಟು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಎಂಟಿದ್ದದ್ದು ಒಂದು ಗಂಟೆಯಲ್ಲಿ ಮೂರಕ್ಕಿಳಿದು ಎರಡು ಗಂಟೆಯಲ್ಲಿ ಮತ್ತೆ ಏರಿದರೆ ಔಷಧಿ ಸರಿಯಿದೆ, ಪ್ರಮಾಣ ಸಾಲದು. ಎಂಟು ಎಂಟಾಗಿಯೇ ಉಳಿದರೆ ಔಷಧಿಯನ್ನೇ ಮರುಯೋಚನೆ ಮಾಡಬೇಕು.

ಯಾವ ಥರದ ನೋವು ಎಂಬುದೂ ಮುಖ್ಯ. ಉರಿ, ಜುಮುಗುಟ್ಟುವಿಕೆ, ಕರೆಂಟ್ ಹೊಡೆದಂತಾಗುವುದು ಇವೆಲ್ಲ ನರದ ನೋವಿನ ಲಕ್ಷಣ. ಅದಕ್ಕೆ ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲೀನ್‌ನಂಥ ಬೇರೆ ಔಷಧಿ ಬೇಕಾಗುತ್ತದೆ. ಅಲುಗಾಡಿದರೆ ಮಾತ್ರ ಚುಚ್ಚುವ ನೋವು ಮೂಳೆಯದಿರಬಹುದು, ಅಲೆಯಂತೆ ಬಂದು ಹೋಗುವುದು ಕರುಳಿನದು. "ತುಂಬಾ ನೋವಂತೆ" ಎಂದಷ್ಟೇ ಹೇಳಿದರೆ ಈ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ.

ಮಾತು ನಿಂತವರ ನೋವನ್ನು ಮೈಯಲ್ಲಿ ಓದಬೇಕು: ಹುಬ್ಬು ಗಂಟಿಕ್ಕುವುದು, ಮಗ್ಗುಲು ಬದಲಿಸುವಾಗ ಮೈ ಸೆಟೆಸುವುದು, ಒಂದೇ ಜಾಗಕ್ಕೆ ಕೈ ಅಡ್ಡ ಹಿಡಿಯುವುದು, ನರಳಿಕೆ. ಇದನ್ನು ಮನೆಯವರಷ್ಟು ಬೇಗ ನರ್ಸ್‌ಗಳೂ ಗುರುತಿಸಲಾರರು.

ಎಷ್ಟು ಔಷಧಿ ಕೊಟ್ಟರೂ ನೋವು ಬಗ್ಗದಿದ್ದರೆ ಮನಸ್ಸಿನ ಕಡೆಯೂ ನೋಡಬೇಕು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಯ ದಿನಗಳಲ್ಲಿರುವವರನ್ನು ನೋಡಿಕೊಳ್ಳುವ ಆಸ್ಪತ್ರೆ) ಕಟ್ಟಿದ ಸಿಸಿಲಿ ಸಾಂಡರ್ಸ್, ಮೈನೋವಿನ ಜೊತೆ ಭಯ, ಸಂಸಾರದ ಚಿಂತೆ, ಬದುಕಿನ ಅರ್ಥದ ಬಗೆಗಿನ ತಳಮಳ ಎಲ್ಲ ಸೇರಿದ್ದನ್ನು 'ಸಮಗ್ರ ನೋವು' ಎಂದು ಕರೆದರು. ಅವರು ನರ್ಸ್ ಆಗಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ಡಾಕ್ಟರಾದವರು. ಮಗಳ ಓದು, ಮುಗಿಯದ ಸಾಲ, ಮುರಿದ ಮಾತು ಇಂಥದ್ದನ್ನು ಮಾರ್ಫಿನ್‌ನಂಥ ಬಲವಾದ ನೋವಿನ ಔಷಧಿಯೂ ಇಳಿಸುವುದಿಲ್ಲ. ಅದಕ್ಕೆ ಆಪ್ತಸಲಹೆಗಾರರನ್ನೋ ಸಮಾಜ ಕಾರ್ಯಕರ್ತರನ್ನೋ ಕರೆಸಿ.

ಮಾರ್ಫಿನ್: ಹೆದರಬೇಕಾದದ್ದು, ಹೆದರಬೇಕಿಲ್ಲದ್ದು

ಮುಂದಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ಮಾತ್ರ. ಪ್ರಮಾಣವನ್ನು ನಿಗದಿ ಮಾಡುವುದು ವೈದ್ಯರೇ.

ಬೇಗ ಕರಗುವ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಹಾಗಾಗಿ ನೋವಿದ್ದರೂ ಇಲ್ಲದಿದ್ದರೂ ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. "ಈಗ ನೋವಿಲ್ಲವಲ್ಲ, ಈ ಸಲದ್ದು ಬೇಡ" ಎಂದು ಮನೆಯವರು ತಡೆಯುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ನೋವಿಲ್ಲದಿರುವುದು ಆ ಮಾತ್ರೆಯಿಂದಲೇ. ಒಮ್ಮೆ ತಪ್ಪಿಸಿದರೆ ಏರಿದ ನೋವನ್ನು ಮತ್ತೆ ಇಳಿಸಲು ಅರ್ಧ ದಿನ ಬೇಕಾಗಬಹುದು.

ಇದರ ನಡುವೆಯೂ ನುಗ್ಗಿಬರುವ ನೋವಿಗೆ ಬೇರೆ ಡೋಸ್ ಬರೆಸಿಡಬೇಕು. ಸಾಮಾನ್ಯ ಲೆಕ್ಕ, ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ. 10 ಮಿಲಿಗ್ರಾಂನಂತೆ ದಿನಕ್ಕೆ ಆರು ಸಲವಾದರೆ ಒಟ್ಟು 60, ನಡುವಿನ ಡೋಸ್ 10. ಇಂಥ ಹೆಚ್ಚಿನ ಡೋಸ್ ಒಂದೇ ದಿನದಲ್ಲಿ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಬೇಕಾಗಿದ್ದರೆ ಬೆಳಗಿನ ರೌಂಡ್ಸ್‌ನಲ್ಲಿ ನೋಟ್‌ಬುಕ್ ತೋರಿಸಿ, ಮಾಮೂಲಿ ಪ್ರಮಾಣವನ್ನೇ ಏರಿಸಬೇಕೇ ಎಂದು ಕೇಳಿ. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದಿದ್ದರೆ ಅರ್ಧ, ಮುಕ್ಕಾಲು ಗಂಟೆ ಮುಂಚೆ ಈ ಡೋಸ್ ಕೊಡುವಂತೆ ನರ್ಸ್‌ಗೆ ನೆನಪಿಸಿ.

ವಾಕರಿಕೆ ಮೊದಲ ವಾರದಲ್ಲಿ ಬರುತ್ತದೆ, ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಮಂಪರು ಎರಡು ಮೂರು ದಿನ. ಇಳಿಯದೆ ಉಳಿಯುವುದು ಮಲಬದ್ಧತೆ, ಮೈ ಅದಕ್ಕೆ ಒಗ್ಗಿಕೊಳ್ಳುವುದೇ ಇಲ್ಲ. ಮಾರ್ಫಿನ್ ಶುರುವಾದ ದಿನವೇ ಸೆನ್ನಾ ಅಥವಾ ಬಿಸಾಕೊಡಿಲ್‌ನಂಥ, ಮಲ ಸಲೀಸಾಗಿ ಹೋಗಿಸುವ ಔಷಧಿಯೂ ಚೀಟಿಯಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿ. ಮೂರು ದಿನ ಮಲ ಹೋಗದಿದ್ದರೆ ಹೇಳಲೇಬೇಕು. ನೀರಿನಂತೆ ಸ್ವಲ್ಪ ಸ್ವಲ್ಪ ಹೋಗುತ್ತಿದ್ದರೆ ಭೇದಿಯೆಂದು ಔಷಧಿ ನಿಲ್ಲಿಸಬೇಡಿ, ಗಟ್ಟಿ ಮಲ ಅಡ್ಡ ಕೂತು ಅದರ ಪಕ್ಕದಿಂದ ಸೋರುತ್ತಿರಬಹುದು.

ಚಟವಾಗುತ್ತದೆ, ಸಾವು ಬೇಗ ಬರುತ್ತದೆ ಎಂಬ ಎರಡು ಭಯ ಎಲ್ಲೆಡೆ ಇವೆ. ನೋವಿಗೆ ತಕ್ಕಷ್ಟೇ ಅಳತೆಯಲ್ಲಿ, ಮೆಲ್ಲಗೆ ಏರಿಸಿ ಕೊಡುವ ಮಾರ್ಫಿನ್ ಕೊನೆಯ ಕಾಯಿಲೆಯಲ್ಲಿ ಸಾವನ್ನು ಬೇಗ ತರುವುದಿಲ್ಲ. ಬಹುದಿನ ತೆಗೆದುಕೊಂಡವರಲ್ಲಿ ದಿಢೀರನೆ ನಿಲ್ಲಿಸಿದರೆ ಮೈ ತೊಂದರೆ ಕೊಡುವುದು ನಿಜ, ಅದು ಚಟವಲ್ಲ. ನಿಜವಾಗಿ ಹೆದರಬೇಕಾದದ್ದು ಬೇರೆ. ಎಬ್ಬಿಸಿದರೂ ಏಳದ ನಿದ್ದೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು ಕಂಡರೆ ತಕ್ಷಣ ಕರೆಯಿರಿ. ಕೈಕಾಲು ಆಗಾಗ ಕುಪ್ಪಳಿಸಿದಂತೆ ಎಗರುವುದು, ಇಲ್ಲದ್ದು ಕಾಣುವುದು ಶುರುವಾದರೆ ಕಿಡ್ನಿ ಸೋತು ಮಾರ್ಫಿನ್‌ನ ಅಂಶ ಮೈಯಲ್ಲಿ ಉಳಿಯುತ್ತಿರಬಹುದು, ಔಷಧಿ ಬದಲಿಸಬೇಕಾಗುತ್ತದೆ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಿ ಮೂಗಿನ ನಳಿಕೆಯಲ್ಲಿ ಎಂದೂ ಹಾಕಬೇಡಿ, ಹನ್ನೆರಡು ಗಂಟೆಯದ್ದು ಒಮ್ಮೆಲೇ ಮೈಗೆ ಸೇರುತ್ತದೆ. ಫೆಂಟನಿಲ್ ಪ್ಯಾಚ್ (ಚರ್ಮದ ಮೂಲಕ ನೋವಿನ ಔಷಧಿ ಇಳಿಸುವ ಪಟ್ಟಿ) ಅಂಟಿಸಿದ್ದರೆ ಹಚ್ಚಿದ ದಿನ, ಗಂಟೆಯನ್ನು ಅದರ ಮೇಲೆಯೇ ಬರೆಯಿರಿ. ಸಾಮಾನ್ಯವಾಗಿ ಅದನ್ನು 72 ಗಂಟೆಗೊಮ್ಮೆ ಬದಲಿಸುತ್ತಾರೆ. ಹೊಸದು ಹಚ್ಚುವಾಗ ಹಳೆಯದನ್ನು ಕಿತ್ತು, ಅಂಟು ಒಳಗಾಗುವಂತೆ ಮಡಚಿ ನರ್ಸ್ ಕೈಗೆ ಕೊಡಿ. ಬಿಸಿನೀರಿನ ಚೀಲ ತಗುಲಿದರೆ, ಜ್ವರ ಏರಿದರೆ ಪ್ಯಾಚಿನ ಔಷಧಿ ಬೇಗ ಮೈಗೆ ಸೇರಿಬಿಡುತ್ತದೆ.

ಉಸಿರು ಸಾಲದಾದಾಗ

ನೋವಿಗಿಂತ ಹೆಚ್ಚು ಭಯ ಹುಟ್ಟಿಸುವುದು ಇದು. ಮೊದಲು ಸುತ್ತ ನಿಂತವರನ್ನು ಹೊರಗೆ ಕಳಿಸಿ, ಒಬ್ಬರು ಸಾಕು. ಹಾಸಿಗೆಯ ತಲೆಭಾಗ ಎತ್ತಿ, ಅಥವಾ ಮುಂದೆ ಟೇಬಲ್ ಇಟ್ಟು ಅದರ ಮೇಲೆ ದಿಂಬು ಹಾಕಿ ಮೊಣಕೈಯೂರಿ ಒರಗಿಸಿ. ಭುಜ ಸಡಿಲವಾಗಲಿ.

ಆಮೇಲೆ ಫ್ಯಾನ್. ಕೈಯಲ್ಲಿ ಹಿಡಿಯುವ ಪುಟ್ಟ ಬ್ಯಾಟರಿ ಫ್ಯಾನ್ ಈ ಕೆಲಸಕ್ಕೆ ಚೆನ್ನ. ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು, ಒಂದು ಕೆನ್ನೆಯಿಂದ ಮೂಗು, ಮೇಲ್ದುಟಿಯ ಮೇಲೆ ಹಾದು ಇನ್ನೊಂದು ಕೆನ್ನೆಗೆ ನಿಧಾನವಾಗಿ ಆಡಿಸಿ. ಮುಖದ ಆ ಭಾಗದ ನರಕ್ಕೆ ತಂಪು ಗಾಳಿ ತಾಕಿದರೆ ಉಸಿರು ಸಿಗುತ್ತಿಲ್ಲವೆಂಬ ಒದ್ದಾಟ ತಗ್ಗುತ್ತದೆ. ಐದು ನಿಮಿಷ ಕೊಡಿ. ಜೊತೆಗೆ ಮೆಲ್ಲಗೆ ಹೇಳುತ್ತಿರಿ, "ಹೊರಗೆ ಬಿಡಿ... ಇನ್ನೂ ಸ್ವಲ್ಪ ಬಿಡಿ". ಒಳಗೆ ಎಳೆದುಕೊಳ್ಳಿ ಎನ್ನುವುದಕ್ಕಿಂತ ಹೊರಗೆ ಬಿಡಿ ಎನ್ನುವುದು ಕೆಲಸ ಮಾಡುತ್ತದೆ.

ಆಕ್ಸಿಜನ್ ಎಲ್ಲರಿಗೂ ಬೇಕಿಲ್ಲ. ರಕ್ತದಲ್ಲಿ ಆಮ್ಲಜನಕ ಸಾಕಷ್ಟಿರುವವರಿಗೆ ಮಾಸ್ಕ್ ಬರೀ ಬಾಯಿ ಒಣಗಿಸುತ್ತದೆ, ಮಾತಿಗೂ ಅಡ್ಡಿ. ಅವರಿಗೆ ಚಿಕ್ಕ ಪ್ರಮಾಣದ ಮಾರ್ಫಿನ್ ಉಪಯೋಗಕ್ಕೆ ಬರಬಹುದು. "ಉಸಿರಿನ ತೊಂದರೆಗೆ ಏನು, ಎಷ್ಟು, ಎಷ್ಟು ಹೊತ್ತಿಗೊಮ್ಮೆ" ಎಂಬುದು ಕೇಸ್ ಶೀಟಿನಲ್ಲಿ ಸಂಜೆಯೊಳಗೆ ಬರಬೇಕು.

ಬಾಯಿ, ಬೆನ್ನು, ತಲೆ

ಬಾಯಿಯನ್ನು ಎರಡು ಗಂಟೆಗೊಮ್ಮೆ ಒದ್ದೆ ಮಾಡಿ. ಮೃದುವಾದ ಬ್ರಷ್ ಅಥವಾ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ನಾಲಿಗೆಯ ಮೇಲೆ ಬಿಳಿ ಪದರ ಕಂಡರೆ ನರ್ಸ್‌ಗೆ ತೋರಿಸಿ. ಅದು ಬೂಷ್ಟಿನ ಸೋಂಕಾಗಿದ್ದರೆ ತಿನ್ನಲಾಗದಿರುವುದಕ್ಕೆ ಅದೇ ಕಾರಣವಿರಬಹುದು, ಗುಣವಾಗುವಂಥದ್ದು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಹೊರಳಿಸಬೇಕಿಲ್ಲ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡಿದರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಮೇಲಕ್ಕೆ ಸರಿಸುವಾಗ ಕಂಕುಳಲ್ಲಿ ಕೈ ಹಾಕಿ ಎಳೆಯಬೇಡಿ, ಚರ್ಮ ಉಜ್ಜಿ ಹರಿಯುತ್ತದೆ. ಮೈಕೆಳಗಿನ ಬಟ್ಟೆಯನ್ನು ಇಬ್ಬರು ಎರಡೂ ಕಡೆ ಹಿಡಿದು ಎತ್ತಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಣ್ಣ ಮಾಸದೆ ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ. ಕಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲ, ಬಿಸಿ ಅಥವಾ ಗಟ್ಟಿ ಇದೆಯೇ ಎಂದು ಮುಟ್ಟಿಯೇ ನೋಡಬೇಕು.

ದಿಢೀರನೆ ಗೊಂದಲ, ಗುರುತು ಸಿಗದಿರುವುದು, ಸಂಜೆಯಾದರೆ ಕೂಗಾಟ ಬಂದರೆ "ವಯಸ್ಸಾಯಿತು" ಎಂದು ಬಿಡಬೇಡಿ. ಮೂತ್ರ ಕಟ್ಟಿರುವುದು, ಮಲ ಕಟ್ಟಿರುವುದು, ಸೋಂಕು, ನಿನ್ನೆ ಶುರುವಾದ ಹೊಸ ಔಷಧಿ, ರಕ್ತದಲ್ಲಿ ಏರಿದ ಕ್ಯಾಲ್ಸಿಯಂ ಇವುಗಳಲ್ಲಿ ಯಾವುದಾದರೂ ಇರಬಹುದು. ಕೂಗಾಡದೆ ಮಂಕಾಗಿ ಮಲಗುವ ಥರದ ಗೊಂದಲವೂ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ನಡಕ, ಕಿವಿಯ ಯಂತ್ರ ಹಾಕಿ, ಗಡಿಯಾರ ಎದುರಿಗಿಡಿ, ಗುರುತಿನವರೊಬ್ಬರು ಪಕ್ಕದಲ್ಲಿರಿ. ಕೈ ಕಟ್ಟಿಹಾಕಿದರೆ ಇನ್ನಷ್ಟು ಕೆರಳುತ್ತಾರೆ.

ವೈದ್ಯರ ಜೊತೆ ಕೂತು ಮಾತಾಡುವುದು

ಕಾರಿಡಾರಿನಲ್ಲಿ ನಿಂತು ಆಡಿದ ಮಾತಿನಿಂದ ಎಷ್ಟೋ ಜಗಳ ಹುಟ್ಟಿವೆ. ಅಣ್ಣನಿಗೆ ಒಬ್ಬ ಡಾಕ್ಟರು ಒಂದು ಹೇಳಿರುತ್ತಾರೆ, ತಂಗಿಗೆ ಇನ್ನೊಬ್ಬರು ಇನ್ನೊಂದು. ಹಾಗಾಗಿ ಸಭೆ ಕೇಳಿ: ಬಾಗಿಲು ಹಾಕುವ ಕೋಣೆ, ಎಲ್ಲರಿಗೂ ಕುರ್ಚಿ, ಕನಿಷ್ಠ ಅರ್ಧ ಗಂಟೆ. ಚಿಕಿತ್ಸೆಯ ಮುಖ್ಯ ವೈದ್ಯರು, ಉಪಶಾಮಕ ತಂಡದವರು, ವಾರ್ಡಿನ ನರ್ಸ್ ಒಬ್ಬರು ಇರಲಿ. ರೋಗಿಗೆ ಶಕ್ತಿಯೂ ಇಚ್ಛೆಯೂ ಇದ್ದರೆ ಅವರೇ ಮೊದಲಿಗರು.

ಹಿಂದಿನ ರಾತ್ರಿಯೇ ಎರಡು ಕೆಲಸ ಮುಗಿಸಿ. ಮುಂದೆ ಆಸ್ಪತ್ರೆಯವರು ಯಾರಿಗೆ ಫೋನ್ ಮಾಡಬೇಕೋ ಆ ಒಬ್ಬರನ್ನು ಆರಿಸಿ, ಕೇಸ್ ಶೀಟಿನಲ್ಲಿ ಬರೆಸಿ. ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ, ಅಲ್ಲಿ ಕೂತ ಮೇಲೆ ಎಲ್ಲವೂ ಮರೆಯುತ್ತದೆ.

ಕೂತ ಮೇಲೆ ನೀವೂ ಮಾತಾಡಿ. 2007ರಲ್ಲಿ ಪ್ರಕಟವಾದ, ಫ್ರಾನ್ಸಿನ 22 ಐಸಿಯುಗಳಲ್ಲಿ ಸಾವು ಹತ್ತಿರವಾದವರ ಮನೆಯವರ ಜೊತೆ ನಡೆದ ಅಧ್ಯಯನದಲ್ಲಿ ಮಾಮೂಲಿ ಸಭೆ 20 ನಿಮಿಷ, ಅದರಲ್ಲಿ ಮನೆಯವರು ಮಾತಾಡಿದ್ದು 5 ನಿಮಿಷ. ಮನೆಯವರ ಮಾತಿಗೆ ಹೆಚ್ಚು ಕಿವಿಗೊಡುವ ಹೊಸ ರೀತಿಯ ಸಭೆಯಲ್ಲಿ ಒಟ್ಟು 30 ನಿಮಿಷ, ಮನೆಯವರದ್ದು 14. ಇವರಿಗೆ ಅಗಲಿಕೆಯ ದುಃಖದ ಬಗ್ಗೆ ಬರೆದ ಒಂದು ಕಿರುಹೊತ್ತಗೆಯನ್ನೂ ಕೊಟ್ಟಿದ್ದರು. ತೊಂಬತ್ತು ದಿನದ ನಂತರ ಆ ಆಘಾತದಿಂದ ನರಳುತ್ತಿದ್ದವರು ಈ ಗುಂಪಿನಲ್ಲಿ ಸ್ಪಷ್ಟವಾಗಿ ಕಡಿಮೆ.

ಕೇಳಲೇಬೇಕಾದ ಪ್ರಶ್ನೆಗಳು:

- ಈಗಿನ ಚಿಕಿತ್ಸೆಯಿಂದ ಆಗಬಹುದಾದ ಅತ್ಯುತ್ತಮ ಏನು, ಆಗುವ ಸಂಭವ ಹೆಚ್ಚಿರುವುದು ಏನು?
- ಉಳಿದಿರುವುದು ದಿನಗಳೇ, ವಾರಗಳೇ, ತಿಂಗಳುಗಳೇ?
- ಹೃದಯ ನಿಂತರೆ ಎದೆ ಒತ್ತುವುದು, ವೆಂಟಿಲೇಟರ್ ಹಾಕುವುದು ಇವರಿಗೆ ಪ್ರಯೋಜನವೇ?
- ರಾತ್ರಿ ಹೆಚ್ಚಾದರೆ ಯಾರನ್ನು ಕರೆಯಬೇಕು, ಅವರಿಗೆ ಈ ಯೋಜನೆ ಗೊತ್ತಿರುತ್ತದೆಯೇ?

"ಏನಾದರೂ ಮಾಡಿ, ಎಲ್ಲಾ ಮಾಡಿ" ಎಂಬ ಮಾತು ಪ್ರೀತಿಯಿಂದ ಬರುವುದೇ ಸರಿ, ಆದರೆ ಕೇಳುವ ಡ್ಯೂಟಿ ಡಾಕ್ಟರಿಗೆ ಅದರ ಅರ್ಥ ವೆಂಟಿಲೇಟರ್. ನೀವೇನು ಬಯಸುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳುವ ಬದಲು, "ಅಪ್ಪ ಹತ್ತು ನಿಮಿಷ ಪೂರ್ತಿ ಎಚ್ಚರವಾಗಿ ಇದನ್ನೆಲ್ಲ ಕೇಳಿಸಿಕೊಂಡಿದ್ದರೆ ಏನನ್ನುತ್ತಿದ್ದರು?" ಎಂದು ಕೇಳಿಕೊಳ್ಳಿ. ಅಲ್ಲಿಗೆ ನಿರ್ಧಾರದ ಹೊರೆ ಮಕ್ಕಳ ತಲೆಯಿಂದ ಇಳಿದು ಅಪ್ಪನ ಮಾತಾಗುತ್ತದೆ. ಒಮ್ಮತ ಬಾರದಿದ್ದರೆ ಗಡುವು ಹಾಕಿದ ಪ್ರಯತ್ನ ಎಂಬ ದಾರಿಯಿದೆ: ಮೂರು ದಿನ ಐಸಿಯು, ಇಂಥಿಂಥದ್ದು ಸುಧಾರಿಸಿದರೆ ಮುಂದುವರಿಸುವುದು, ಇಲ್ಲದಿದ್ದರೆ ನಿಲ್ಲಿಸುವ ಮಾತು. ಯಾವುದು ಸುಧಾರಿಸಬೇಕು, ಮತ್ತೆ ಯಾವ ದಿನ ಕೂರುವುದು ಎಂಬುದನ್ನು ಬರೆಸದಿದ್ದರೆ ಮೂರು ದಿನ ಮೂವತ್ತಾಗುತ್ತದೆ. ಚಿಕಿತ್ಸೆ ನಿಲ್ಲಿಸುವ, ಮುಂಚಿತ ಇಚ್ಛೆ ಬರೆದಿಡುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಯಾವ ಕಾಗದ ಬೇಕು, ಯಾರು ಸಹಿ ಹಾಕಬೇಕು ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ.

ದೂರದಲ್ಲಿರುವವರನ್ನು ಫೋನಿನಲ್ಲಾದರೂ ಇದೇ ಸಭೆಗೆ ಸೇರಿಸಿ. ಬಿಟ್ಟರೆ ಅವರು ಕೊನೆಯ ದಿನ ಬಂದಿಳಿದು ಎಲ್ಲವನ್ನೂ ತಿರುಗಿಸುತ್ತಾರೆ. ಇಷ್ಟು ದಿನ ಇರಲಿಲ್ಲವೆಂಬ ಸಂಕಟಕ್ಕೆ ಅವರ ದನಿಯೂ ಏರಿರುತ್ತದೆ.

"ಅವರಿಗೆ ಮಾತ್ರ ಹೇಳಬೇಡಿ" ಎಂಬ ಕೋರಿಕೆ ಪ್ರತಿ ವಾರ್ಡಿನಲ್ಲೂ ಕೇಳಿಬರುತ್ತದೆ. ಹೆಚ್ಚಿನ ಸಲ ರೋಗಿಗೆ ಗೊತ್ತಿರುತ್ತದೆ, ಮನೆಯವರ ಮುಖ ನೋಡಿ ಅವರೂ ನಟಿಸುತ್ತಿರುತ್ತಾರೆ. ಸುಳ್ಳೂ ಬೇಡ, ಒಮ್ಮೆಲೇ ಸುರಿಯುವುದೂ ಬೇಡ. "ನಿಮ್ಮ ಕಾಯಿಲೆ ಬಗ್ಗೆ ನಿಮಗೇನನ್ನಿಸುತ್ತಿದೆ? ಎಷ್ಟು ತಿಳಿಯಬೇಕೆಂದಿದೆ?" ಎಂದು ವೈದ್ಯರು ಕೇಳಲಿ, ಅವರು ತೆರೆದಷ್ಟೇ ಬಾಗಿಲಲ್ಲಿ ಹೋಗಲಿ. ಮಕ್ಕಳ ವಿಷಯದಲ್ಲಿ ಮಾತು ನೇರವಾಗಿರಬೇಕು. "ನಿದ್ದೆ ಹೋಗಿದ್ದಾರೆ" ಎಂದರೆ ಚಿಕ್ಕ ಮಗು ತಾನು ಮಲಗಲು ಹೆದರುತ್ತದೆ. ನಿನ್ನಿಂದ ಆದದ್ದಲ್ಲ ಎಂಬುದನ್ನು ಬಾಯಿ ಬಿಟ್ಟು ಹೇಳಿ.

ಕೊನೆಯ ದಿನಗಳು

ದಿನವಿಡೀ ನಿದ್ದೆ, ನುಂಗಲಾಗದಿರುವುದು, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗಿ ಮಂಡಿಯ ಸುತ್ತ ಕಲೆಕಲೆಯಾದ ಬಣ್ಣ, ಉಸಿರು ಆಳವಾಗುತ್ತಾ ಹೋಗಿ, ಮತ್ತೆ ಸಣ್ಣದಾಗಿ, ಕೆಲ ಸೆಕೆಂಡು ನಿಂತು ಮತ್ತೆ ಶುರುವಾಗುವುದು. ಇವು ಒಟ್ಟಿಗೆ ಕಂಡರೆ ಉಳಿದಿರುವುದು ಗಂಟೆಗಳು ಅಥವಾ ಕೆಲವೇ ದಿನಗಳು. ಈಗ ಬಿಪಿ ನೋಡುವುದು, ರಕ್ತ ತೆಗೆಯುವುದು, ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚುವುದು ಯಾಕೆ ಎಂದು ಕೇಳಬಹುದು, ಕೇಳಬೇಕು. ಬದಲಿಗೆ ನಾಲ್ಕು ಔಷಧಿ ಮುಂಚೆಯೇ ಬರೆಸಿರಬೇಕು: ನೋವು ಮತ್ತು ಉಸಿರಿಗೊಂದು, ತಳಮಳಕ್ಕೊಂದು, ವಾಕರಿಕೆಗೊಂದು, ಗಂಟಲಿನ ಗೊರಗೊರಕ್ಕೊಂದು. ನುಂಗಲಾಗದವರಿಗೆ ಇವನ್ನೆಲ್ಲ ಚರ್ಮದಡಿಯ ಸಣ್ಣ ಸೂಜಿಯಲ್ಲಿ ಕೊಡಬಹುದು, ರಕ್ತನಾಳ ಹುಡುಕಬೇಕಿಲ್ಲ.

ಆ ಗೊರಗೊರ ಸದ್ದು ನುಂಗಲಾಗದ ಎಂಜಲು ಗಂಟಲಲ್ಲಿ ನಿಂತದ್ದು. ಹತ್ತಿರ ಕೂತವರಿಗೆ ಅದು ಸಹಿಸಲಾಗದು, ಆಳವಾದ ಅರಿವಿಲ್ಲದ ನಿದ್ದೆಯಲ್ಲಿರುವವರಿಗೆ ಅದರ ಬಾಧೆ ಇರುವಂತೆ ತೋರುವುದಿಲ್ಲ. ಮಗ್ಗುಲಾಗಿ ಹೊರಳಿಸಿ, ತಲೆ ಸ್ವಲ್ಪ ಎತ್ತಿ. ಒಳಗೆ ನಳಿಕೆ ಹಾಕಿ ಹೀರಿಸುವುದು ನೋವನ್ನೇ ಕೊಡುತ್ತದೆ. ಔಷಧಿಯೂ ಮುಂದೆ ಬರುವ ಎಂಜಲನ್ನು ತಡೆಯುತ್ತದೆಯೇ ಹೊರತು ನಿಂತದ್ದನ್ನು ತೆಗೆಯುವುದಿಲ್ಲ, ಅದಕ್ಕೇ ಸದ್ದು ಶುರುವಾದ ಕೂಡಲೇ ಹೇಳಬೇಕು.

ಅನ್ನ ನೀರಿನ ಪ್ರಶ್ನೆಯೇ ಮನೆಯವರನ್ನು ಹೆಚ್ಚು ಸುಡುವುದು. ಉಣ್ಣದಿದ್ದುದರಿಂದ ಸಾಯುತ್ತಿಲ್ಲ, ಸಾವು ಹತ್ತಿರವಾದ್ದರಿಂದ ಉಣ್ಣಲಾಗುತ್ತಿಲ್ಲ. ಒತ್ತಾಯದ ತುತ್ತು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗಬಹುದು. ಡ್ರಿಪ್ ಏರಿಸಿದ ನೀರು ಕಾಲಿನ ಬಾವು, ಗಂಟಲಿನ ಗೊರಗೊರ ಹೆಚ್ಚಿಸಬಹುದು. ತುಟಿಗೆ ಒದ್ದೆ ಬಟ್ಟೆ, ಎಚ್ಚರವಿದ್ದು ಬಯಸಿದರೆ ಚಮಚದಲ್ಲಿ ಒಂದು ಗುಟುಕು. ಉಣಿಸುತ್ತಿದ್ದ ಕೈಗೆ ಬೇರೆ ಕೆಲಸ ಬೇಕು, ಪಾದಕ್ಕೆ ಎಣ್ಣೆ ತಿಕ್ಕಲಿ. ಮಾತಾಡುತ್ತಿರಿ, ಕೇಳಿಸಿಕೊಳ್ಳುವ ಶಕ್ತಿ ಕೊನೆಯವರೆಗೂ ಉಳಿದಿರಬಹುದು. ಆಸ್ತಿಯ ಮಾತನ್ನು ಮಂಚದ ಪಕ್ಕ ಆಡದಿರುವುದಕ್ಕೂ ಇದೇ ಕಾರಣ.

ಮನೆಗೆ ಕರೆದೊಯ್ಯುವುದಾದರೆ

ಶುಕ್ರವಾರ ಸಂಜೆ ಡಿಸ್ಚಾರ್ಜ್ ಬೇಡ, ಶನಿವಾರ ರಾತ್ರಿ ಫೋನ್ ಎತ್ತುವವರು ಸಿಗುವುದಿಲ್ಲ. ಹೊರಡುವ ಮುನ್ನ ಕೈಯಲ್ಲಿರಬೇಕಾದದ್ದು: ಕನಿಷ್ಠ ಒಂದು ವಾರದ ಔಷಧಿ, ಯಾವುದು ಎಷ್ಟು ಗಂಟೆಗೆ ಎಂದು ದೊಡ್ಡ ಅಕ್ಷರದ ಪಟ್ಟಿ, ರಾತ್ರಿ ಕರೆಯಬೇಕಾದ ನಂಬರು, ಮತ್ತೆ ಆಸ್ಪತ್ರೆಗೆ ತರಬೇಕೋ ಬೇಡವೋ ಎಂಬ ನಿರ್ಧಾರ ಬರೆದ ಕಾಗದ. ಹೊರಳಿಸುವುದು, ಮೂತ್ರದ ನಳಿಕೆಯ (ಕ್ಯಾಥೆಟರ್) ಚೀಲ ಖಾಲಿ ಮಾಡುವುದು, ಸೂಜಿಯಲ್ಲಿ ಔಷಧಿ ಹಾಕುವುದು ಇವನ್ನು ನರ್ಸ್ ತೋರಿಸಿದರೆ ಸಾಲದು, ಅವರ ಎದುರಿಗೆ ನೀವು ಎರಡು ಸಲ ಮಾಡಿ ತೋರಿಸಿ. ಮಾರ್ಫಿನ್ ಬೀಗ ಹಾಕಿದ ಜಾಗದಲ್ಲಿರಲಿ, ಮಾತ್ರೆ ಎಣಿಸಿ ಬರೆದಿಡಿ.

ನೋಡಿಕೊಳ್ಳುವವರೂ ಪಾಳಿ ಮಾಡಿಕೊಳ್ಳಿ. ಎರಡು ರಾತ್ರಿ ಸತತ ಎದ್ದವರು ಮೂರನೆಯ ರಾತ್ರಿ ಔಷಧಿಯ ಗಂಟೆ ತಪ್ಪಿಸುತ್ತಾರೆ. ಯಾರು ಬಂದು "ಏನಾದ್ರೂ ಬೇಕಾದ್ರೆ ಹೇಳಿ" ಎಂದರೂ ಆಗಲೇ ಹೇಳಿಬಿಡಿ: ಮಂಗಳವಾರ ಸಂಜೆ ಆರರಿಂದ ಹತ್ತು ನೀವು ಕೂತುಕೊಳ್ಳಿ.

ಆಮೇಲೆ

ಉಸಿರು ನಿಂತ ಮೇಲೆ ಅವಸರವಿಲ್ಲ. ಬೇಕಾದಷ್ಟು ಹೊತ್ತು ಕೂರಲು ಕೊಡಿ ಎಂದು ನರ್ಸ್‌ಗೆ ಕೇಳಿ. ಉಳಿದ ಮಾರ್ಫಿನ್, ಪ್ಯಾಚುಗಳನ್ನು ಎಣಿಸಿ ಆಸ್ಪತ್ರೆಗೆ ಹಿಂದಿರುಗಿಸಿ.

ದುಃಖಕ್ಕೆ ವೇಳಾಪಟ್ಟಿಯಿಲ್ಲ. ಆದರೆ ಆರು ತಿಂಗಳು, ವರ್ಷ ಕಳೆದ ಮೇಲೂ ದಿನನಿತ್ಯದ ಕೆಲಸಕ್ಕೇ ಕೈ ಹೋಗದಷ್ಟು ಹಂಬಲ ಉಳಿದಿದ್ದರೆ ಅದಕ್ಕೆ ಚಿಕಿತ್ಸೆಯಿದೆ. ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬಂದರೆ ಆರು ತಿಂಗಳು ಕಾಯಬೇಡಿ, ಅಂದೇ ಹೇಳಿಕೊಳ್ಳಿ. ಅನೇಕರಿಗೆ ಕೆಲವು ವಾರಗಳ ನಂತರ ಒಂದೇ ಪ್ರಶ್ನೆ ಕೊರೆಯಲು ಶುರುವಾಗುತ್ತದೆ: ಆ ಕೊನೆಯ ಡೋಸ್ ಕೊಟ್ಟಿದ್ದು ನಾನೇ, ಅದರಿಂದಲೇ ಹೋದರಾ? ಆ ನೋಟ್‌ಬುಕ್ ಎಸೆದಿರಬೇಡಿ. ಅದನ್ನು ತೆಗೆದುಕೊಂಡು ಹೋಗಿ ತಂಡದ ವೈದ್ಯರ ಮುಂದೆ ಕೂತು, ಗಂಟೆ ಗಂಟೆಯ ಸಾಲುಗಳನ್ನು ಒಟ್ಟಿಗೆ ಓದಿಸಿಕೊಳ್ಳಿ.